ಒಂದೇ ಹೆಸರಿನ ನಾಲ್ಕು ಹೆಗಲು

೧೯೨೨ ನವೆಂಬರ್ ೨೦, ಸೋಮವಾರ

ಡಬ್ಲಿನ್‌ನ ಸರ್ಕಾರಿ ಭವನದೊಳಗೆ ವಾಸ ಆರಂಭವಾಗಿ ಇದು ಮೂರನೇ ವಾರ. ಮಂತ್ರಿಗಳು ಹೊರಗೆ ಹೋಗುವಂತಿಲ್ಲ. ಕಿಟಕಿಯ ಬಳಿ ನಿಲ್ಲುವಂತಿಲ್ಲ. ಮಾಳಿಗೆಗೆ ಹೋಗಿ ಗಾಳಿ ಸೇವಿಸಬಹುದು, ಆದರೆ ತಲೆ ಗೋಡೆಗಿಂತ ಮೇಲೆ ಕಾಣಬಾರದು. ಹೀಗಾಗಿ ಐರ್ಲೆಂಡಿನ ಮಂತ್ರಿಮಂಡಲ ಸಂಜೆ ಹೊತ್ತು ಮಾಳಿಗೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಗಾಳಿ ಸೇವಿಸುತ್ತದೆ.

ಕಳೆದ ವರ್ಷದವರೆಗೆ ಇಂಗ್ಲಿಷರು ನಮ್ಮನ್ನು ಹುಡುಕುತ್ತಿದ್ದರು. ಈಗ ಅವರೊಡನೆ ಒಪ್ಪಂದವಾಗಿದೆ. ಒಪ್ಪಂದವನ್ನು ಒಪ್ಪದ ನಮ್ಮವರೇ ಈಗ ನಮ್ಮನ್ನು ಹುಡುಕುತ್ತಿದ್ದಾರೆ. ಆಡಳಿತದಲ್ಲಿ ನಮಗೆ ಅನುಭವ ಕಡಿಮೆ ಎಂದು ಪತ್ರಿಕೆಗಳು ಬರೆಯುತ್ತವೆ. ಅಡಗಿಕೊಳ್ಳುವುದರಲ್ಲಿ ಸಾಕಷ್ಟಿದೆ.

ಮೀನುಗಾರಿಕೆ ಖಾತೆ ನನಗೆ ಬಂದದ್ದು ಕ್ಲೇರ್ ತೀರದಲ್ಲಿ ನಮ್ಮಪ್ಪ ಮರ್ಟಿ ಹೆಹಿರನಿಗೆ ಒಂದು ದೋಣಿ ಇದೆ ಎಂಬ ಕಾರಣಕ್ಕೆ. ನಾನು ಹದಿನಾಲ್ಕು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವನು. ದೋಣಿ ಹತ್ತಿದರೆ ನನಗೆ ವಾಂತಿಯಾಗುತ್ತದೆ. ಇದನ್ನು ಮಂತ್ರಿಮಂಡಲದ ಗಮನಕ್ಕೆ ತಂದಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ.

ನನ್ನ ಕೋಣೆಯಲ್ಲಿ ಮಲಗುವವನು ಅಂಚೆ ಮಂತ್ರಿ ಆಂಬ್ರೋಸ್ ಟೂಹಿ, ಡಬ್ಲಿನ್‌ನವನು. ಮಲಗಿದರೆ ಗೊರಕೆ, ಎದ್ದರೆ ಬಾಯಿ. ನಾನು ದಿನಚರಿ ಬರೆಯುವುದನ್ನು ನೋಡಿ, "ಯಾರಿಗಯ್ಯಾ ಇದು? ನೀನು ಸತ್ಮೇಲೆ ಅಚ್ಚು ಹಾಕ್ಸೋಕಾ?" ಎಂದ.

"ಯಾರಿಗೂ ಅಲ್ಲ. ದಾಖಲೆ ಇರಬೇಕು."

"ಇರ್ಲಿ ಇರ್ಲಿ. ನಾನು ಸುಂದರ ಅಂತ ಒಂದ್ ಸಾಲು ಹಾಕಿಬಿಡು."

ಹಾಕಿಲ್ಲ.

ನವೆಂಬರ್ ೨೬, ಭಾನುವಾರ

ಅವ್ವನ ಕಾಗದ ಬಂತು. ಸೇತುವೆಗಳನ್ನು ಉಡಾಯಿಸಿರುವುದರಿಂದ ಎಂಟು ದಿನ ಹಿಡಿದಿದೆ. "ನಿಮ್ಮಪ್ಪನಿಗೆ ಉಸಿರು ಸಾಲುತ್ತಿಲ್ಲ. ಕಡಲಿಗೆ ಹೋಗುವುದನ್ನು ಬಿಟ್ಟಿದ್ದಾನೆ. ನಿನ್ನ ಹೆಸರು ಎತ್ತಿದರೆ ಸುಮ್ಮನಿರುತ್ತಾನೆ, ಬೈಯುವುದಿಲ್ಲ. ಅಷ್ಟು ಮೆತ್ತಗಾಗಿದ್ದಾನೆ. ಬಾ."

ಕೂಡಲೇ ಉತ್ತರ ಬರೆದೆ. ಸದ್ಯದ ಪರಿಸ್ಥಿತಿಯಲ್ಲಿ ಪ್ರಯಾಣ ಸಾಧ್ಯವಿಲ್ಲವೆಂದು ವಿಷಾದದೊಂದಿಗೆ ತಿಳಿಸಿದೆ. ಪರಿಸ್ಥಿತಿ ಸುಧಾರಿಸಿದೊಡನೆ ವಿಷಯವನ್ನು ಪರಿಶೀಲಿಸುವುದಾಗಿಯೂ ಬರೆದೆ.

ಲಕೋಟೆ ಅಂಟಿಸುವ ಮೊದಲು ಟೂಹಿ ಅದನ್ನು ಕಿತ್ತುಕೊಂಡು ಓದಿದ. "ಹೆತ್ತವ್ವಂಗೆ ಬರೆಯೋ ಕಾಗದಕ್ಕೆ ಉಲ್ಲೇಖ ಸಂಖ್ಯೆ ಹಾಕಿದ್ದೀಯಲ್ಲೋ ಮಾರಾಯಾ!"

ಕೈ ತಪ್ಪಿ ಬಿದ್ದದ್ದು. ಆದರೆ ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆಂದು ಹಾಗೇ ಕಳಿಸಿದೆ.

ನವೆಂಬರ್ ೩೦, ಗುರುವಾರ

ಮಂತ್ರಿಗಳನ್ನೂ ಅವರ ಪರ ಮತ ಹಾಕಿದವರನ್ನೂ ಕಂಡಲ್ಲಿ ಗುಂಡಿಕ್ಕಬೇಕೆಂದು ಎದುರಿನವರು ತಮ್ಮವರಿಗೆ ಆದೇಶ ಹೊರಡಿಸಿದ್ದಾರಂತೆ. ಅದರ ಒಂದು ಪ್ರತಿ ಸಿಕ್ಕಿತು. ಒಳ್ಳೆಯ ಭಾಷೆ.

ಬೆಳಿಗ್ಗೆ ಜೈಲಿನ ಅಂಗಳದಲ್ಲಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಆಯುಧದೊಂದಿಗೆ ಸಿಕ್ಕಿಬಿದ್ದವರಿಗೆ ಗುಂಡು ಎಂದು ಸಭೆಯಲ್ಲಿ ನಾವೆಲ್ಲ ಕೈ ಎತ್ತಿದ್ದೆವು. ನಾನೂ ಎತ್ತಿದ್ದೆ.

ಚಹಾ ಕಡಿಮೆ ಮಾಡಬೇಕು. ರಾತ್ರಿ ನಿದ್ದೆ ಬರುವುದಿಲ್ಲ.

ಡಿಸೆಂಬರ್ ೬, ಬುಧವಾರ

ಇಂದು ರಾಜ್ಯ ಅಧಿಕೃತವಾಗಿ ಹುಟ್ಟಿತು. ಮಧ್ಯಾಹ್ನ ಬೇಯಿಸಿದ ಕುರಿಮಾಂಸ, ಗಜ್ಜರಿ.

ಹೊಸ ಸಂವಿಧಾನದಂತೆ ಮೀನುಗಾರಿಕೆ ಮಂತ್ರಿ ಒಳಮನೆಯ ಮಂತ್ರಿಯಲ್ಲ, ಹೊರಜಗಲಿಯ ಮಂತ್ರಿ. ಅಂದರೆ ಮುಖ್ಯ ತೀರ್ಮಾನಗಳಲ್ಲಿ ನನ್ನ ಮಾತು ಬೇಕಾಗಿಲ್ಲ, ಕರೆದರೆ ಹೋಗಿ ಕೂರಬಹುದು. ಹಾಗಾದರೆ ನಾನು ಹೊರಗಿನವನೆಂದು ಮನೆಗೆ ಹೋಗಬಹುದೇ ಎಂದು ಕಾರ್ಯದರ್ಶಿ ವಿದರ್ಸ್ ಅವರನ್ನು ಕೇಳಿದೆ. ಇಂಗ್ಲಿಷರ ಕಾಲದಿಂದ ಇದೇ ಮೇಜುಗಳ ಜೊತೆಗೆ ನಮಗೆ ಬಂದವರು ಅವರು. ಸಂವಿಧಾನವನ್ನು ಎರಡು ಸಲ ತಿರುವಿ, "ಗುಂಡಿಗೆ ಈ ವ್ಯತ್ಯಾಸ ತಿಳಿಯೋದಿಲ್ಲ ಸ್ವಾಮಿ," ಎಂದರು.

ಪಶ್ಚಿಮ ತೀರದ ಮೀನು ಡಬ್ಲಿನ್ ತಲುಪಲು ಈಗ ಆರು ದಿನ ಹಿಡಿಯುತ್ತಿದೆ, ಅಷ್ಟರಲ್ಲಿ ಕೊಳೆಯುತ್ತದೆ ಎಂದು ವರದಿ ಸಲ್ಲಿಸಿದೆ. ಯಾರಾದರೂ ಓದಿದರೋ ಇಲ್ಲವೋ.

ಡಿಸೆಂಬರ್ ೯, ಶನಿವಾರ

ಅಪ್ಪ ಗುರುವಾರ ತೀರಿಕೊಂಡರೆಂದು ತಂತಿ ಬಂದಿದೆ.

ಇಲಾಖೆಯ ಕೆಲಸ ಎಂದಿನಂತೆ ನಡೆಯಿತು.

ಡಿಸೆಂಬರ್ ೧೦, ಭಾನುವಾರ

ಬೆಳಗಿನ ಪೂಜೆಯ ನಂತರ ಒಂದು ಚೀಟಿ ತಲುಪಿತು. ಪಾದ್ರಿಯೊಬ್ಬರ ಕೈಯಿಂದ ಇನ್ನೊಬ್ಬ ಪಾದ್ರಿಯ ಕೈಗೆ ಹೋಗಿ ಬಂದದ್ದು. ಬರೆದವನು ಮೈಕೋ ಗಾರ್ವಿ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ನಮ್ಮೂರ ಕಡೆಯ ದಂಗೆಕೋರರಿಗೆ ನಾಯಕ. "ಮರ್ಟಿ ಹೆಹಿರನ ಮಗ ಮಣ್ಣಿಗೆ ಬಂದರೆ ಮೂರು ದಿನ ನಮ್ಮವರು ಯಾರೂ ಮುಟ್ಟುವುದಿಲ್ಲ. ನಾಲ್ಕನೇ ದಿನದ ಮಾತು ಬೇರೆ."

ಸಭೆಯಲ್ಲಿ ಇದೇ ಮೊದಲ ವಿಷಯವಾಯಿತು. ಎರಡು ಗಂಟೆ ಚರ್ಚಿಸಿದರು. ಬಜೆಟ್ಟಿಗೆ ಇವರು ಒಂದು ಗಂಟೆ ಕೊಟ್ಟಿದ್ದರು. ಅಪ್ಪನ ಮಣ್ಣಿಗೆ ಹೋಗದ ಮಗನನ್ನು ಈ ದೇಶದಲ್ಲಿ ಯಾರೂ ಕ್ಷಮಿಸುವುದಿಲ್ಲ, ಸರ್ಕಾರವನ್ನೂ ಕ್ಷಮಿಸುವುದಿಲ್ಲ ಎಂದು ಎಲ್ಲರೂ ಒಪ್ಪಿದರು. ಕಡೆಗೆ ನನಗೆ ಅನುಮತಿ ಸಿಕ್ಕಿತು. ಒಬ್ಬರೂ ವಿರೋಧಿಸಲಿಲ್ಲ.

ಆಗ ನಾನು ಎದ್ದು ನಿಂತು, ಎದುರಾಳಿಯ ಅನುಮತಿಯ ಮೇಲೆ ಮಂತ್ರಿಯೊಬ್ಬ ಪ್ರಯಾಣ ಮಾಡಿದರೆ ಎದುರಾಳಿಯನ್ನೇ ಸರ್ಕಾರವೆಂದು ಒಪ್ಪಿದಂತಾಗುತ್ತದೆ, ವೈಯಕ್ತಿಕ ದುಃಖಕ್ಕಾಗಿ ರಾಜ್ಯದ ಘನತೆಯನ್ನು ಒತ್ತೆ ಇಡಲಾರೆ ಎಂದು ಹೇಳಿದೆ. ಕೆಲವರು ತಮ್ಮ ಉಗುರು ನೋಡಿಕೊಂಡರು. ವಾದದ ತೂಕ ಅವರಿಗೆ ತಟ್ಟಿರಬೇಕು.

ಡಿಸೆಂಬರ್ ೧೧, ಸೋಮವಾರ

ಮೀನುಗಾರಿಕೆ ಇಲಾಖೆಯ ಪರವಾಗಿ ಒಂದು ಹೂಮಾಲೆ ಕಳಿಸಲು ಏರ್ಪಾಡು ಮಾಡಿ ಅವ್ವನಿಗೆ ತಂತಿ ಕೊಟ್ಟೆ.

ಟೂಹಿ ಬೂಟು ಬಿಚ್ಚುತ್ತಾ ಕೂತಿದ್ದವನು ಒಂದು ಬೂಟನ್ನು ಗೋಡೆಗೆ ಎಸೆದ. "ಭಯ ಅಂತ ಹೇಳೋ! ಇಲ್ಲಿ ಯಾರಿಗಿಲ್ಲ? ನಾನು ದಿನಾ ಹೆದರ್ಕೊಂಡೇ ಹಲ್ಲುಜ್ತೀನಿ. ಅದಕ್ಕೆ ರಾಜ್ಯದ ಘನತೆ ಅಂತ ಹೆಸರಿಟ್ಟು ಯಾಕೆ ಮೆರೆಸ್ತೀಯ?"

"ಇದು ಭಯದ ಪ್ರಶ್ನೆ ಅಲ್ಲ. ತತ್ವದ್ದು."

"ನಿಮ್ಮಪ್ಪ ಸತ್ತಿರೋದಯ್ಯಾ. ತತ್ವ ಅಲ್ಲ ಸತ್ತಿರೋದು."

ಅಂಚೆ ಮಂತ್ರಿಗೆ ಸಂವಿಧಾನ ಸರಿಯಾಗಿ ಅರ್ಥವಾಗಿಲ್ಲ. ಮನುಷ್ಯ ಕೆಟ್ಟವನಲ್ಲ. ಬೂಟನ್ನು ನಾನೇ ಎತ್ತಿಟ್ಟೆ.

ಡಿಸೆಂಬರ್ ೧೨, ಮಂಗಳವಾರ

ಅವ್ವನ ತಂತಿ: "ಮಾಲೆ ಬೇಡ. ಅವನನ್ನು ಕರೆದುಕೊಂಡು ಹೊರಟಿದ್ದೇನೆ."

ಯಾರನ್ನು ಎಂದು ಯೋಚಿಸುತ್ತಿದ್ದೇನೆ. ಪಾದ್ರಿಯನ್ನಿರಬೇಕು.

ಡಿಸೆಂಬರ್ ೧೪, ಗುರುವಾರ

ಪಾದ್ರಿಯನ್ನಲ್ಲ.

ಮಧ್ಯಾಹ್ನ ಎರಡಕ್ಕೆ ಗೇಟಿನ ಕಾವಲಿನಿಂದ ಸುದ್ದಿ ಬಂತು. ಕಪ್ಪು ಶಾಲು ಹೊದ್ದ ಹೆಂಗಸೊಬ್ಬಳು ಕುದುರೆ ಗಾಡಿಯಲ್ಲಿ ಶವಪೆಟ್ಟಿಗೆ ತಂದಿದ್ದಾಳೆ, ಅದು ಮೀನುಗಾರಿಕೆ ಮಂತ್ರಿಗಳಿಗೆ ಸೇರಿದ್ದೆನ್ನುತ್ತಾಳೆ, ಒಳಗೆ ಬಿಡಬಹುದೇ? ಒಳಗೆ ಬರುವ ಪ್ರತಿ ಪೆಟ್ಟಿಗೆಯನ್ನೂ ತೆರೆದು ನೋಡಬೇಕೆಂಬುದು ನಿಯಮ. ಕಾವಲಿನ ಸಿಪಾಯಿ ಮುಚ್ಚಳಕ್ಕೆ ಕೈ ಹಾಕಿದ್ದನಂತೆ. ಅವ್ವ ಅವನ ಹೆಸರು ಕೇಳಿದಳಂತೆ. ಹೆಹಿರ್, ಊರು ಎನ್ನಿಸ್ ಪಟ್ಟಣ ಎಂದನಂತೆ. "ಹಂಗಾದ್ರೆ ನೋಡಪ್ಪಾ, ನೀನೂ ನಮ್ಮೋನೇ," ಎಂದಳಂತೆ. ಅವನು ನೋಡದೆ ಗೇಟು ತೆರೆದ.

ನಾನು ಅಂಗಳಕ್ಕೆ ಇಳಿದೆ. ಅಂಗಳದವರೆಗೆ ಇಳಿಯಲು ಅನುಮತಿ ಇದೆ.

"ಬಂದೆ ಕಣ್ಲಾ ಫ್ಲಾನ್," ಎಂದಳು ಅವ್ವ. "ನೀನು ಬರ್ಲಿಲ್ಲ, ಅದ್ಕೆ ನಾವೇ ಬಂದ್ವಿ. ಇಬ್ರೂ."

"ಅವ್ವಾ, ಇದು ಮಂತ್ರಿಮಂಡಲ."

"ಗೊತ್ತು. ನಿಮ್ಮಪ್ಪಂಗೂ ಹೇಳಿವ್ನಿ."

ದಾರಿಯ ವಿಷಯ ಕೇಳಿದೆ. "ರಸ್ತೆಗೆ ಮರ ಕಡಿದು ಹಾಕಿದ್ರು, ಗಾರ್ವಿ ಹುಡುಗ್ರು. ಮರ ಎತ್ತಿದ್ರು, ಗಾಡಿ ದಾಟ್ಸಿದ್ರು, ಎದೆ ಮೇಲೆ ಶಿಲುಬೆ ಗುರುತು ಮಾಡ್ಕೊಂಡ್ರು, ತಿರ್ಗಾ ಮರ ಅಡ್ಡ ಇಟ್ರು. ಈ ಕಡೆ ಬಂದ್ರೆ ನಿಮ್ಮ ಸಿಪಾಯಿಗಳು. ಅವ್ರೂ ಟೋಪಿ ತೆಗುದ್ರು. ಸತ್ತೋರ ಜೊತೆ ಹೋದ್ರೆ ಈ ದೇಶ್ದಲ್ಲಿ ಎಲ್ಲಾ ಕಡೆ ದಾರಿ ಐತೆ." ಒಟ್ಟು ಮೂರು ದಿನ. ನನ್ನ ವರದಿಯಲ್ಲಿ ಮೀನಿಗೆ ಆರು ದಿನ ಎಂದಿತ್ತು. ತಿದ್ದಬೇಕಾಗಬಹುದು.

ಮಾಲೆ ತಲುಪಿತೇ ಎಂದು ಕೇಳಿದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಮಾಲೆಗೆ ಹೆಗಲಿರ್ತದೇನ್ಲಾ?"

ನಮ್ಮ ಕಡೆ ಹೆಣಕ್ಕೆ ಹೆಗಲು ಕೊಡುವವರು ನಾಲ್ವರೂ ಒಂದೇ ಮನೆತನದ ಹೆಸರಿನವರಾಗಿರಬೇಕು. ಬೇರೆ ಹೆಸರಿನವರು ಹೊತ್ತರೆ ಸತ್ತವನು ಅನಾಥನೆಂದು ಅರ್ಥ. ಅಪ್ಪನ ಇಬ್ಬರು ತಮ್ಮಂದಿರೂ ಕಡಲಲ್ಲೇ ಹೋದರು. ಊರಲ್ಲಿ ಹೆಹಿರ್ ಹೆಸರಿನ ಗಂಡಸು ಒಬ್ಬನೂ ಉಳಿದಿಲ್ಲ.

"ಎಲ್ಲಾ ಲೆಕ್ಕ ಹಾಕ್ದೆ," ಎಂದಳು. "ನಮ್ಮ ಹೆಸ್ರಿನ ಗಂಡಸ್ರು ಇಬ್ರೇ ಉಳ್ದಿರೋದು. ಇಬ್ರನ್ನೂ ಡಬ್ಲಿನ್ನಾಗೆ ಕೂಡಾಕವ್ರೆ. ಸೆನನ್ನ ಜೈಲಿನಾಗೆ, ನಿನ್ನ ಸರ್ಕಾರ್ದಾಗೆ. ಹೆಗಲು ಎಲ್ಲೈತೋ ಅಲ್ಗೇ ತಂದೆ."

ಸೆನನ್ ನನ್ನ ಚಿಕ್ಕಪ್ಪನ ಮಗ. ಸೆಪ್ಟೆಂಬರಿನಲ್ಲಿ ಬಂದೂಕಿನ ಸಮೇತ ಸಿಕ್ಕಿಬಿದ್ದ.

ಡಿಸೆಂಬರ್ ೧೫, ಶುಕ್ರವಾರ

ಹೊರಜಗಲಿಯ ನನ್ನನ್ನೂ ಇಂದು ಸಭೆಗೆ ಕರೆದರು. ವಿಷಯ ಒಂದು: ಮರ್ಟಿ ಹೆಹಿರ್ ಅವರ ಶವ ಕಾಯುವ ಜಾಗರಣೆ. ಇದನ್ನು ಯಾವ ಖಾತೆಯಡಿ ದಾಖಲಿಸಬೇಕೆಂದು ವಿದರ್ಸ್ ಕೇಳಿದರು. ಒಬ್ಬರು ಗೃಹ ಎಂದರು, ಒಬ್ಬರು ಸಾರಿಗೆ ಎಂದರು. ಕೊನೆಗೆ ಮೀನುಗಾರಿಕೆ ಎಂದು ತೀರ್ಮಾನವಾಯಿತು.

ನಾಲ್ಕು ಹೆಗಲಿನ ಪ್ರಶ್ನೆಯಲ್ಲಿ ನಾನು ಒಂದು, ಕಾವಲಿನ ಸಿಪಾಯಿ ಎರಡು. ಟೂಹಿ ಅಂಚೆ ಇಲಾಖೆಯ ಹನ್ನೊಂದು ಸಾವಿರ ಹೆಸರುಗಳ ಪಟ್ಟಿ ತರಿಸಿ, ತನ್ನ ಇಬ್ಬರು ಅಧಿಕಾರಿಗಳನ್ನು ಕೂರಿಸಿ ಹುಡುಕಿಸಿದ. ಕಾಗದ ವಿಂಗಡಿಸುವ ವಿಭಾಗದಲ್ಲಿ ಒಬ್ಬ ಹೆಹಿರ್ ಸಿಕ್ಕಿದ. ಕನ್ನಡಕದವನು, ಐವತ್ತು ದಾಟಿದೆ, ಕ್ಲೇರ್ ಜಿಲ್ಲೆಯನ್ನು ಭೂಪಟದಲ್ಲಿ ಮಾತ್ರ ಕಂಡವನು. "ನಾನು ಏನು ತಪ್ಪು ಮಾಡ್ದೆ ಸಾರ್?" ಎಂದು ಕೇಳುತ್ತಲೇ ಬಂದ.

ನಾಲ್ಕನೆಯದು ಸೆನನ್. ಆಯುಧದೊಂದಿಗೆ ಸಿಕ್ಕಿದವನನ್ನು ಹೊರಗೆ ತರುವುದು ಹೇಗೆಂದು ಮೇಜಿನ ಸುತ್ತ ಗುಸುಗುಸು ಎದ್ದಿತು. ಅಷ್ಟರಲ್ಲಿ ಬಾಗಿಲಾಚೆ ಕೂತಿದ್ದ ಅವ್ವ, ಯಾರೂ ಕರೆಯದೆ, ಒಳಗೆ ಬಂದಳು. ಮಂತ್ರಿಗಳು ಎದ್ದು ನಿಂತರು. ಅವರಲ್ಲಿ ಮೂವತ್ತು ದಾಟದವರೇ ಹೆಚ್ಚು.

"ಇವ್ರೇನಾ ಸರ್ಕಾರ?" ಎಂದು ನನ್ನನ್ನು ಕೇಳಿದಳು. "ಅಯ್ಯೋ, ಎಲ್ಲಾ ಹುಡುಗ್ರು! ಹೊಟ್ಟೆಗೆ ಸರಿಯಾಗ್ ಹಾಕ್ತಾರೇನ್ರಪ್ಪಾ ಇಲ್ಲಿ?"

"ಪರ್ವಾಗಿಲ್ಲ ಅಮ್ಮಾ," ಎಂದರು ಇಬ್ಬರು.

"ನಮ್ಮ ಸೆನನ್ನ ಒಂದ್ ಹೆಗಲು ಬೇಕಿತ್ತು. ಮಿಕ್ಕಿದ್ದೆಲ್ಲ ನೀವೇ ಇಟ್ಕಳಿ."

ಕೈದಿಯ ಒಂದು ಹೆಗಲನ್ನು ನಾಳೆ ಎರಡು ಗಂಟೆ ಕಾಲ ಎರವಲು ಪಡೆಯುವುದು, ಇಂದಿನ ಜಾಗರಣೆಗೂ ಅವನನ್ನು ಕರೆಸುವುದು, ರಾತ್ರಿ ಎಂಟರೊಳಗೆ ಜಾಗರಣೆ ಮುಗಿಸುವುದೆಂದು ಸರ್ವಾನುಮತದ ತೀರ್ಮಾನ. ಮಂತ್ರಿಗಳಾದ ಹೆಹಿರ್ ಅವರ ಹೆಗಲು ಗೇಟಿನವರೆಗೆ ಮಾತ್ರ. ಅಲ್ಲಿಂದ ಗಾಡಿಯವರೆಗೆ ಪೊಲೀಸಿನವನೊಬ್ಬ ಬದಲಿ. ಈ ಕೊನೆಯ ಸಾಲನ್ನು ಸೇರಿಸಲು ಸೂಚಿಸಿದವನು ನಾನೇ.

ಸಭೆಯ ಮೇಜಿನ ಮೇಲಿದ್ದ ಭೂಪಟಗಳನ್ನು ಸುತ್ತಿಟ್ಟು ಅಪ್ಪನನ್ನು ಇಟ್ಟೆವು. ಟೂಹಿ ಎಲ್ಲಿಂದಲೋ ಹೊಗೆಸೊಪ್ಪು ಸೇದುವ ಮಣ್ಣಿನ ಕೊಳವೆಗಳನ್ನೂ ಒಂದು ತಟ್ಟೆ ನಶ್ಯವನ್ನೂ ತರಿಸಿದ. ಮಂತ್ರಿಗಳು ಸಾಲಾಗಿ ಮೊಣಕಾಲೂರಿ ಜಪಮಾಲೆ ಹೇಳಿದರು. ಪ್ರಾಟೆಸ್ಟಂಟರಾದ ವಿದರ್ಸ್ ಕೂಡ ಒಂದು ಮೊಣಕಾಲು ಊರಿದರು. ಕೈಕೋಳದಲ್ಲೇ ಬಂದ ಸೆನನ್, ಅಪ್ಪ ಒಮ್ಮೆ ಸುಂಕದ ಅಧಿಕಾರಿಯನ್ನು ದೋಣಿಗೆ ಹತ್ತಿಸಿಕೊಂಡು, ದಾರಿ ಮರೆತಂತೆ ನಟಿಸಿ, ನಾಲ್ಕು ಗಂಟೆ ಒಂದೇ ಬಂಡೆಯ ಸುತ್ತ ಸುತ್ತಿಸಿದ ಕಥೆ ಹೇಳಿದ. ಎಲ್ಲರೂ ನಕ್ಕರು. ಯಾರನ್ನು ಜೈಲಿಗೆ ಹಾಕಿದ್ದೇವೆ, ಯಾರು ಹಾಕಿದ್ದು ಎಂಬುದು ಅಷ್ಟು ಹೊತ್ತು ಮರೆತಿತ್ತು.

ನಾನು ಮೂಲೆಯಲ್ಲಿ ಕೂತು ಹಾಜರಾದವರ ಹೆಸರು ಬರೆದುಕೊಳ್ಳುತ್ತಿದ್ದೆ. ಅಪ್ಪನ ಮುಖ ನೋಡಲು ಎರಡು ಸಲ ಎದ್ದು ಎರಡು ಸಲ ಕೂತೆ. ಅವ್ವ ನೋಡಿದಳು. ನನಗೆ ಅಳು ಬರಲಿಲ್ಲ. ಬರಬೇಕಿತ್ತು ಅನಿಸಿತು.

ಡಿಸೆಂಬರ್ ೧೬, ಶನಿವಾರ, ರೈಲಿನಲ್ಲಿ

ಅಕ್ಷರ ಅಲುಗುತ್ತಿದೆ. ರೈಲಿನಿಂದಾಗಿ.

ಬೆಳಿಗ್ಗೆ ಹತ್ತಕ್ಕೆ ಎತ್ತಿದೆವು. ಮುಂದೆ ಎಡಕ್ಕೆ ಸೆನನ್, ಬಲಕ್ಕೆ ನಾನು, ಹಿಂದೆ ಸಿಪಾಯಿ ಮತ್ತು ವಿಂಗಡಣೆಯವನು. ಕೈಕೋಳ ಇದ್ದರೆ ಹೆಗಲಿಗೆ ಕೈ ಆಸರೆ ಸಿಗುವುದಿಲ್ಲವೆಂದು ಸಿಪಾಯಿಯೇ ಬಿಚ್ಚಿದ. ಅಪ್ಪ ಇಷ್ಟು ಭಾರ ಎಂದು ನಾನು ಅಂದುಕೊಂಡಿರಲಿಲ್ಲ. ಅವ್ವ ಮುಂದೆ ನಡೆದಳು.

ಗೇಟಿನಲ್ಲಿ ಬದಲಿ ಪೊಲೀಸಿನವನು ಟೋಪಿ ತೆಗೆದು ನಿಂತಿದ್ದ. ಅವ್ವ ನಿಲ್ಲಲಿಲ್ಲ. ಅವನು ನನ್ನ ಪಕ್ಕಕ್ಕೆ ಓಡಿ ಬಂದು ಪೆಟ್ಟಿಗೆಗೆ ಕೈ ಚಾಚಿದ.

"ಮುಟ್ಬ್ಯಾಡ," ಎಂದ ಸೆನನ್. "ನಿನ್ನೆಸ್ರೇನು?"

"ಮಲ್ಡೂನ್."

"ಹಂಗಾರೆ ಹಿಂದೆ ಬಾ."

ಗೇಟನ್ನು ಯಾವಾಗ ದಾಟಿದೆವೋ ತಿಳಿಯಲಿಲ್ಲ. ಪೆಟ್ಟಿಗೆಯ ಅಂಚು ಕೆನ್ನೆಗೆ ಒತ್ತಿತ್ತು. ಕಣ್ಣಿಗೆ ಬೀಳುತ್ತಿದ್ದದ್ದು ಅವ್ವನ ಹಿಮ್ಮಡಿ ಮಾತ್ರ. ಮೂಲೆಯಲ್ಲಿ ಮುಳ್ಳುತಂತಿಯ ಆಚೆ ನಿಂತಿದ್ದ ಗಾಡಿಯವನಿಗೂ ಅವಳು ಹಿಂದೆ ಬಾ ಎಂದು ಕೈ ಮಾಡಿದಳು. ಹಾಗೆಯೇ ಚೌಕ ದಾಟಿ, ಅಂಗಡಿ ಬೀದಿ ದಾಟಿ ನದಿಯ ಕಡೆ ನಡೆದೆವು. ಹೆಣ ಎದುರಾದರೆ ಅದರ ಜೊತೆ ಮೂರು ಹೆಜ್ಜೆಯಾದರೂ ಹಾಕಬೇಕಲ್ಲ, ಜನ ಸಾಮಾನು ಕೆಳಗಿಟ್ಟು ಬಂದು ಮೂರು ಹೆಜ್ಜೆ ಹಾಕಿ ಹೋಗುತ್ತಿದ್ದರು. ಸತ್ತವನು ಯಾರೆಂದು ಯಾರೂ ಕೇಳಲಿಲ್ಲ. ಹೊರುತ್ತಿರುವವನು ಯಾರೆಂದೂ ನೋಡಲಿಲ್ಲ.

ಒಬ್ಬ ನೋಡಿದ. ಉದ್ದ ಕೋಟಿನವನು, ಬಲಗೈ ಜೇಬಿನಲ್ಲಿತ್ತು. ಜೇಬಿನಿಂದ ಕೈ ತೆಗೆದ. ಖಾಲಿ ಕೈ. ಟೋಪಿ ತೆಗೆದು ನನ್ನ ಪಕ್ಕದಲ್ಲೇ ಹೆಜ್ಜೆ ಹಾಕಿದ. ಮೂರನೇ ಹೆಜ್ಜೆಗೆ ನನ್ನ ಮುಖವನ್ನು ಗುರುತು ಹಿಡಿದದ್ದು ನನಗೆ ಗೊತ್ತಾಯಿತು. ಅವನು ನಾಲ್ಕನೆಯದನ್ನೂ ಹಾಕಿ, ಆಮೇಲೆ ನಿಂತ.

ಸೇತುವೆಯ ಮೇಲ್ಗಡೆ ಪೆಟ್ಟಿಗೆ ಇಳಿಸಿ ಸುಧಾರಿಸಿಕೊಂಡೆವು. ವಿಂಗಡಣೆಯವನ ಕನ್ನಡಕಕ್ಕೆ ಬೆವರು ಹತ್ತಿತ್ತು. "ಊಟದ ಡಬ್ಬಿ ಕಚೇರಿಯಲ್ಲೇ ಇದೆ ಸಾರ್, ಒಂದೂವರೆಗೆ ಹಿಂತಿರುಗ್ತೀವಾ?" ಎಂದು ಕೇಳಿದ. ಹೆಗಲು ಉಜ್ಜಿಕೊಳ್ಳುತ್ತಿದ್ದ ಸೆನನ್ ನನ್ನ ಕಡೆ ತಿರುಗಿ ಮೆಲ್ಲಗೆ, "ಸಭೇಲಿ ಕೈ ಎತ್ತಿದ್ಯಲ್ಲ, ಯಾವ ಕೈ?" ಎಂದ.

ಬಲಗೈ ತೋರಿಸಿದೆ.

ಅವನು ಅದನ್ನೇ ಸ್ವಲ್ಪ ಹೊತ್ತು ನೋಡಿದ. "ಹಂಗಾರೆ ಈಗ ಎಡಗಡೆ ಬಾ. ಆ ಬಲಹೆಗಲು ಇನ್ನೂ ಗಟ್ಟಿಯಿರ್ತದೆ."

ಜಾಗ ಬದಲಿಸಿ ಮತ್ತೆ ಎತ್ತಿದೆವು. ಪೆಟ್ಟಿಗೆ ಇಳಿಸಿದಾಗ ನಾನು ಹಿಂತಿರುಗಬಹುದಿತ್ತು. ಮಲ್ಡೂನ್ ಅಲ್ಲೇ ನಿಂತಿದ್ದ. ಅದು ನೆನಪಾದದ್ದು ಈಗ, ಬರೆಯುವಾಗ.

ಹಳಿ ಈ ವಾರವಷ್ಟೇ ಸರಿಹೋಗಿದೆಯಂತೆ. ನಿಲ್ದಾಣದಲ್ಲಿ ಪೆಟ್ಟಿಗೆಯನ್ನು ಸಾಮಾನಿನ ಡಬ್ಬಿಗೆ ಏರಿಸಿದ ಮೇಲೆ ನಾಲ್ವರೂ ಅವ್ವನ ಮುಖ ನೋಡಿದೆವು. "ಆ ತುದೀಲಿ ಇಳ್ಸೋರ್ಯಾರು?" ಎಂದಳು. ಹತ್ತಿ ಕೂತೆವು.

ಷಾನನ್ ನದಿ ದಾಟುವವರೆಗೆ ಸಿಪಾಯಿ ಹೆಹಿರ್ ಕೈದಿ ಹೆಹಿರನಿಗೆ ಕಾವಲಿದ್ದ. ದಾಟಿದ ಮೇಲೆ ಗಾರ್ವಿಯವರ ಸೀಮೆ. ಸೆನನ್ ಸಿಪಾಯಿಯ ಟೋಪಿಯನ್ನು ಸೀಟಿನ ಕೆಳಗೆ ಬಚ್ಚಿಟ್ಟ. "ಇಲ್ಲಿಂದಾಚೆಗೆ ನಿಮ್ಮೂವರಿಗೂ ನಾನು ಕಾವಲು. ಬಾಯಿ ಬಿಡಬ್ಯಾಡಿ, ವಿಶೇಷವಾಗಿ ಆ ಕನ್ನಡಕದೋನು. ಅವನು ಮಾತಾಡಿದ್ರೆ ಡಬ್ಲಿನ್ ಕೇಳಿಸ್ತದೆ." ವಿಂಗಡಣೆಯವನು ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ. ಅವನ ಮುಖದಲ್ಲಿ ಇಷ್ಟು ಸಂತೋಷ ಬೆಳಗಿನಿಂದ ಕಂಡಿರಲಿಲ್ಲ.

ನನಗೆ ಹಸಿವಾಗಿದೆ. ಅವ್ವನ ಗಂಟಿನಲ್ಲಿ ಸೋಡಾ ರೊಟ್ಟಿ ಇದೆಯಂತೆ.

ಡಿಸೆಂಬರ್ ೧೮, ಸೋಮವಾರ, ಊರಲ್ಲಿ

ನಿನ್ನೆ ಮಣ್ಣು ಮಾಡಿದೆವು. ನಾಲ್ಕು ಹೆಗಲೂ ಇದ್ದವು. ಹೊಂಡ ತೋಡಿ ಇಟ್ಟಿದ್ದವರು ಗಾರ್ವಿಯ ಹುಡುಗರು. ಬಂದೂಕುಗಳನ್ನು ಗೋಡೆಗೆ ಒರಗಿಸಿ ನಿಂತಿದ್ದರು. ಗಾರ್ವಿ ನನ್ನ ಕೈಗೆ ಸಲಿಕೆ ಕೊಟ್ಟು, "ದಪ್ಪ ಆಗಿದ್ದೀಯಲ್ಲೋ, ಮಂತ್ರಿಗಿರಿ ಒಗ್ಗೈತೆ," ಎಂದ. ಮೂರು ದಿನದ ಲೆಕ್ಕ ಎಂದಿನಿಂದ ಎಂದು ಕೇಳಿದೆ. "ನೀನು ಮೇಷ್ಟ್ರು, ನೀನೇ ಹಾಕ್ಕೋ," ಎಂದ. ಪೆಟ್ಟಿಗೆ ಇಳಿಸುವ ಮೊದಲು ಮುಚ್ಚಳ ತೆಗೆಸಿ ಅಪ್ಪನ ಮುಖ ನೋಡಿದೆ. ಹತ್ತು ದಿನವಾಗಿತ್ತು. ಆದರೂ ನೋಡಿದೆ.

ಇಂದು ಬೆಳಿಗ್ಗೆ ಸೆನನ್ ಮನೆಯಲ್ಲಿ ಇರಲಿಲ್ಲ. ಎರಡು ಗಂಟೆಯ ಎರವಲು ಎರಡು ದಿನ ದಾಟಿದೆ. ಅವನು ಎಲ್ಲಿ ಹೋದನೆಂದು ಸಿಪಾಯಿ ಕೇಳಲಿಲ್ಲ, ನಾನೂ ಕೇಳಲಿಲ್ಲ. ವಿಂಗಡಣೆಯವನು ಮಾತ್ರ ಕಡಲ ಕಡೆ ಹೋದನೆಂದು ಹೇಳಿ, ತಾನೂ ನೋಡಿಕೊಂಡು ಬರುವುದಾಗಿ ಹೊರಟ. ಕಡಲನ್ನು ಅವನು ಇದೇ ಮೊದಲು ನೋಡುತ್ತಿರುವುದಂತೆ.

ಮಧ್ಯಾಹ್ನದವರೆಗೂ ನೆರೆಯವರು ಬಂದು ಹೋದರು. ಪ್ರತಿಯೊಬ್ಬರೂ ಅವ್ವನನ್ನು ಡಬ್ಲಿನ್ ಸಮಾಚಾರ ಕೇಳಿದರು. ಅವಳು ನಡೆದದ್ದನ್ನು ನಡೆದಂತೆ ಹೇಳಿದಳು: ಮರ್ಟಿಯನ್ನು ಸರ್ಕಾರದ ಮೇಜಿನ ಮೇಲೆ ಮಲಗಿಸಿದ್ದು, ಮಂತ್ರಿಗಳೆಲ್ಲ ಮೊಣಕಾಲೂರಿದ್ದು, ಮಗ ಗೇಟು ದಾಟಿ ಊರ ನಡುವೆ ಹೊತ್ತು ನಡೆದದ್ದು. ಪಕ್ಕದ ಮನೆಯ ಪೆಗ್ ಮುದುಕಿ ಚಹಾ ಬಟ್ಟಲು ಕೆಳಗಿಟ್ಟು, "ಬಿಡೇ ಓನಿ," ಎಂದು ಅವ್ವನನ್ನು ಹೆಸರು ಹಿಡಿದು ಕರೆದಳು. "ದುಃಖದಾಗಿದ್ದೀಯ, ಒಪ್ತೀನಿ. ಆದ್ರೂ ಅಷ್ಟು ದೊಡ್ಡದು ಹೇಳ್ಬ್ಯಾಡ." ಉಳಿದವರು ಅವಳಷ್ಟು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಎಲ್ಲರೂ ಹೋದ ಮೇಲೆ ಅವ್ವ ಒಲೆಯ ಮುಂದೆ ಕೂತಳು.

"ಡಬ್ಲಿನ್ನಿಗೆ ಹೋಗೋ ದಾರಿ ಉದ್ದಕ್ಕೂ ಒಂದ್ ಸುಳ್ಳು ಕಟ್ಕೊಂಡು ಹೋಗಿದ್ದೆ ಕಣ್ಲಾ," ಎಂದಳು. "ನೀನು ಬರಾಕಿಲ್ಲ ಅಂತ ಗೊತ್ತಿತ್ತು. ಚಿಕ್ಕೋನಿದ್ದಾಗ್ಲಿಂದ ನಿನಗೆ ಪುಕ್ಕಲು. ಅದ್ಕೇ. ಮಗ ಗೇಟಿನವರ್ಗೂ ಹೊತ್ತ, ಬಿಡಾಕೆ ಒಪ್ಲಿಲ್ಲ, ಸಿಪಾಯಿಗಳು ನಾಲ್ಕು ಜನ ಹಿಡ್ಕೊಂಡು ಒಳಕ್ಕೆ ಎಳ್ಕೊಂಡೋದ್ರು ಅಂತ. ಊರೋರು ನಿನ್ನ ಆಡ್ಕೋಬಾರ್ದು ಅಂತ. ಎಷ್ಟು ಚೆನ್ನಾಗಿ ಹೊಂದ್ಸಿದ್ದೆ ಅಂತೀಯ! ಎಲ್ಲಾ ನಂಬ್ತಿದ್ರು."

"ಅಷ್ಟು ದೂರ ಅಪ್ಪನ್ನ ಹೊತ್ಕೊಂಡು ಬಂದಿದ್ದು ಅದಕ್ಕಾ?"

"ಮತ್ತೆ? ಗೇಟಾದ್ರೂ ನೋಡ್ದೆ ಸುಳ್ಳು ಹೇಳಾಕಾಗ್ತದಾ?" ಕೆಟಲಿಗೆ ನೀರು ತುಂಬಿಸಿ ಒಲೆಯ ಮೇಲಿಟ್ಟಳು. "ಈಗ ನೋಡು. ನಿಜ ಹೇಳ್ದೆ. ಒಬ್ರೂ ನಂಬ್ಲಿಲ್ಲ."

ನಾನು ನಗಲು ಹೋದೆ. ಅದು ನಗೆಯಾಗಲಿಲ್ಲ. ನನಗೆ ಭಯವಿತ್ತು, ಅವ್ವಾ, ಅಪ್ಪ ಸತ್ತ ದಿನವೂ ನನಗೆ ಭಯವೇ ಇದ್ದದ್ದು ಎಂದು ಹೇಳಿ ಅತ್ತೆ. ಅವಳು ಚಹಾ ಸೊಪ್ಪಿನ ಡಬ್ಬಿ ಹುಡುಕುತ್ತಿದ್ದಳು. "ಗೊತ್ತು ಕಣ್ಲಾ," ಎಂದಳು, "ಸಕ್ಕರೆ ಎಷ್ಟು?"